ಕೌದಿ ಕೊಳ್ಳುವಾಗ: ಧಾರವಾಡದ ಕಡೆಯದೋ, ಸಿದ್ದಿಯರದೋ?

ಹಾಸನ, ಚಿಕ್ಕಮಗಳೂರಿನ ಕರಕುಶಲ ಮೇಳಗಳಲ್ಲಿ ಕೈಹೊಲಿಗೆಯ ಕೌದಿ (ಬಟ್ಟೆ ತುಂಡುಗಳನ್ನು ಪದರವಾಗಿ ಹೊಲಿದ ಹೊದಿಕೆ) ಕಂಡರೆ ಸುಮ್ನೆ ದಾಟಿ ಹೋಗಬೇಡಿ. ಪೂರ್ತಿ ಬಿಡಿಸಿ ತೋರಿಸಲು ಹೇಳಿ.

ಧಾರವಾಡ, ಗದಗದ ಕಡೆಯ ಕೌದಿ ಅಂದ್ರೆ ಹಳೆ ಸೀರೆ, ಧೋತರಗಳ ಪದರ, ಅದರ ಮೇಲೆ ಒತ್ತೊತ್ತಾದ ಸಾಲು ಹೊಲಿಗೆ. ಒಗೆದಷ್ಟೂ ಮೆತ್ತಗಾಗುತ್ತದೆ. ದಿನಬಳಕೆಗೆ, ಮಕ್ಕಳಿಗೆ ನಾನು ಇದನ್ನೇ ಹೇಳುತ್ತೇನೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಹೆಂಗಸರ ಕೌದಿಯ ಚೆಂದವೇ ಬೇರೆ. ಹೊಲಿಗೆ ಒಂದು ಮೂಲೆಯಲ್ಲಿ ಶುರುವಾಗಿ, ಅಂಚು ಹಿಡಿದು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಸೇರುತ್ತದೆ. ಬಣ್ಣದ ತುಂಡುಗಳು ಅದರ ಜೊತೆಗೇ ಕೂರುತ್ತಾ ಹೋಗುತ್ತವೆ. ಮೂಲೆಗಳಲ್ಲಿ ಬಟ್ಟೆ ಮಡಚಿ ಮಾಡಿದ ಪುಟ್ಟ ಹೂವುಗಳಿರುತ್ತವೆ. ಅವಿಲ್ಲದ ಕೌದಿ ಬೆತ್ತಲೆ ಅನ್ನುವುದು ಅವರ ಮಾತು. ಎಂಥಾ ಕಣ್ಣು ಅವರದು, ಅಲ್ವಾ! ಗೋಡೆಗೆ ಹಾಕಲು, ಮದುವೆ ಉಡುಗೊರೆಗೆ ಇದಕ್ಕೇ ನನ್ನ ಓಟು.

ಮಲೆನಾಡಿನ ಮನೆಯಾದರೆ ದಪ್ಪ ಜಾಸ್ತಿ ಬೇಡ. ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಕೊಳ್ಳುವ ಮೊದಲು ಹಿಂಬದಿ ತಿರುಗಿಸಿ: ಕೈಹೊಲಿಗೆಯಾದರೆ ಟಾಕುಗಳು ಸ್ವಲ್ಪ ಹಿಂದೆಮುಂದೆ ಇರುತ್ತವೆ.