ಪೆಸ್ಟ್ ಪ್ಲಸ್ ಪ್ಲಸ್: ಅಂತರ್ಜಲದ ಹಿಮ್ಮುಖ ಲೆಕ್ಕಕ್ಕೆ ಒಳ್ಳೆಯ ಸಾಧನ

ಬಾವಿಗಳ ನೀರಿನ ಮಟ್ಟ ಗೊತ್ತಿದೆ, ನೆಲದೊಳಗಿನ ಜಲವಾಹಕತೆ (ನೀರನ್ನು ಹರಿಯಬಿಡುವ ಗುಣ) ಗೊತ್ತಿಲ್ಲ. ಅದನ್ನು ಅಂದಾಜಿಸಲು ಇರುವ ಉಚಿತ, ಮುಕ್ತ ತಂತ್ರಾಂಶ ಪೆಸ್ಟ್ ಪ್ಲಸ್ ಪ್ಲಸ್. ಅಂತರ್ಜಲದ ಹರಿವನ್ನು ಲೆಕ್ಕಹಾಕುವ ಮಾಡ್‌ಫ್ಲೋ ತಂತ್ರಾಂಶದ ಕೋಡ್ ಮುಟ್ಟುವುದೇ ಬೇಡ. ಮಾದರಿಗೆ ಬೆಲೆ ತುಂಬುವ ಟೆಂಪ್ಲೇಟ್, ಫಲಿತಾಂಶ ಓದುವ ಇನ್‌ಸ್ಟ್ರಕ್ಷನ್, ಇಡೀ ಕೆಲಸ ನಡೆಸುವ ಕಂಟ್ರೋಲ್ ಕಡತಗಳನ್ನು ಬರೆದರೆ ಜೋಡಣೆ ಮುಗಿಯಿತು.

ನಮ್ಮ ಮೆಚ್ಚುಗೆ ಇದರ ಐಇಎಸ್ ಭಾಗಕ್ಕೆ (ಮಾದರಿಯ ಹಲವು ಪ್ರತಿಗಳನ್ನು ಒಟ್ಟಿಗೆ ಅಳತೆಗಳಿಗೆ ಹೊಂದಿಸುವ ವಿಧಾನ). ಇನ್ನೊಂದು ಭಾಗವಾದ ಜಿಎಲ್‌ಎಂ ಪ್ಯಾರಾಮೀಟರ್‌ಗಳನ್ನು (ಅಂದಾಜಿಸಬೇಕಾದ ಬೆಲೆಗಳನ್ನು) ಒಂದೊಂದಾಗಿ ಬದಲಿಸಿ ನೋಡುತ್ತದೆ. ಅದರಲ್ಲಿ 300 ಪೈಲಟ್ ಪಾಯಿಂಟ್ (ವಾಹಕತೆ ಅಂದಾಜಿಸುವ ಜಾಗಗಳು) ಇದ್ದರೆ ಒಂದು ಜಕೋಬಿಯನ್‌ಗೆ (ಪ್ರತಿ ಬದಲಾವಣೆಯ ಪರಿಣಾಮದ ಪಟ್ಟಿಗೆ) ಮಾದರಿಯನ್ನು ಸುಮಾರು 300 ಸಲ ಓಡಿಸಬೇಕು. ಒಂದು ಓಟಕ್ಕೆ 4 ನಿಮಿಷ ಹಿಡಿದರೆ ಒಂದೇ ಪ್ರೊಸೆಸರ್‌ನಲ್ಲಿ 20 ಗಂಟೆ! ಐಇಎಸ್‌ನಲ್ಲಿ ಓಟಗಳ ಸಂಖ್ಯೆ ನಿರ್ಧಾರವಾಗುವುದು ಬೇರೆಬೇರೆ ಬೆಲೆ ತುಂಬಿದ ಮಾದರಿಯ ಪ್ರತಿಗಳ ಸಂಖ್ಯೆಯಿಂದ. ಪ್ಯಾರಾಮೀಟರ್ 10,000 ಇದ್ದರೂ 100 ಪ್ರತಿಗಳಿಂದ ಶುರು ಮಾಡಬಹುದು. ಆದರೆ ಪ್ರತಿಗಳು ಕಡಿಮೆಯಾದಷ್ಟೂ ಸುಳ್ಳು ಸಹಸಂಬಂಧಗಳು ನುಸುಳಿ ಅನಿಶ್ಚಿತತೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಹಾಗಾಗಿ ಲೋಕಲೈಸೇಶನ್ (ಅಂಥ ಸುಳ್ಳು ಸಂಬಂಧಗಳನ್ನು ತಡೆಯುವ ಕ್ರಮ) ಬಿಡಬೇಡಿ.

ಮೊದಲು ನಾಪ್ಟ್‌ಮ್ಯಾಕ್ಸ್ (ಗರಿಷ್ಠ ಸುತ್ತುಗಳ ಸಂಖ್ಯೆ) 0 ಇಟ್ಟು ಒಮ್ಮೆ ಓಡಿಸಿ, ಅಳತೆಗಳ ತೂಕ (ಯಾವುದಕ್ಕೆ ಎಷ್ಟು ಮಹತ್ವ) ನೋಡಿ. ತೂಕ ಸರಿಹೊಂದಿಸದಿದ್ದರೆ ನೀರಿನ ಮಟ್ಟದ ಸಾವಿರಾರು ಅಳತೆಗಳ ನಡುವೆ ಹಳ್ಳದ ಹರಿವಿನ ನಾಲ್ಕು ಅಳತೆಗಳು ಮುಳುಗಿಹೋಗುತ್ತವೆ. ಅವು ಬೇಕೇ ಬೇಕು: ಸ್ಥಿರಸ್ಥಿತಿಯಲ್ಲಿ (ಕಾಲದೊಂದಿಗೆ ಮಟ್ಟ ಬದಲಾಗದಿದ್ದಾಗ) ಬರೀ ಮಟ್ಟಗಳಿಂದ ಮರುಪೂರಣ (ಇಂಗಿ ಅಂತರ್ಜಲ ಸೇರುವ ನೀರು) ಮತ್ತು ವಾಹಕತೆಯ ಅನುಪಾತ ಸಿಗುತ್ತದೆ, ಬೇರೆಬೇರೆ ಬೆಲೆ ಸಿಗುವುದಿಲ್ಲ. ಜಿಎಲ್‌ಎಂ ತಡವರಿಸಿದರೆ ಮಾಡ್‌ಫ್ಲೋದ ಸಮೀಕರಣ ಬಿಡಿಸುವ ಸಾಲ್ವರ್‌ನ ನಿಲುಗಡೆ ಮಿತಿ ಬಿಗಿ ಮಾಡಿ, ಫಲಿತಾಂಶವನ್ನು ಹೆಚ್ಚು ದಶಮಾಂಶಗಳಲ್ಲಿ ಬರೆಸಿ. ದುಂಡಾದ ಅಂಕಿಗಳು ಅವಕಲನವನ್ನು (ಸಣ್ಣ ಬದಲಾವಣೆಯ ಪರಿಣಾಮದ ಲೆಕ್ಕವನ್ನು) ಕೆಡಿಸುತ್ತವೆ.

ಕೊರತೆಯೆಂದರೆ ಎಲ್ಲವೂ ಕಮಾಂಡ್ ಲೈನ್. ದೊಡ್ಡ ಮಾದರಿಯ ಕಡತಗಳನ್ನು ಕೈಯಲ್ಲಿ ಬರೆಯಲಾಗದು, ಅವನ್ನು ಬರೆದುಕೊಡುವ ಪೈಥಾನ್‌ನ ಪೈಇಮು ಕಲಿಯಲೇಬೇಕು.