ಪ್ರಾಗ್‌ನ ಲೋಬ್ಕೊವಿಟ್ಸ್ ಅರಮನೆ: ಮನೆಯವರೇ ಹೇಳುವ ಮನೆತನದ ಚರಿತ್ರೆ

ಪ್ರಾಗ್ ಕೋಟೆಯ ಪೂರ್ವದ ತುದಿಯಲ್ಲಿರುವ ಲೋಬ್ಕೊವಿಟ್ಸ್ ಅರಮನೆ ಆ ಇಡೀ ಆವರಣದಲ್ಲಿ ಖಾಸಗಿ ಒಡೆತನದಲ್ಲಿರುವ ಏಕೈಕ ಕಟ್ಟಡ. ಕೋಟೆಯ ಸಾಮಾನ್ಯ ಟಿಕೆಟ್ಟಿನಲ್ಲಿ ಇದರ ಪ್ರವೇಶ ಸೇರಿಲ್ಲವಾದ್ದರಿಂದ, ಅದಾಗಲೇ ಸುತ್ತಿ ದಣಿದವರು ಮತ್ತೆ ದುಡ್ಡು ತೆರಲು ಹಿಂದೆಮುಂದೆ ನೋಡುವುದು ಸಹಜ. ಪ್ರಾಗ್ ಸುತ್ತಲಿನ ಚೆಕ್ ಸೀಮೆಯಾದ ಬೊಹೀಮಿಯದ ಸಿರಿವಂತ ಮನೆತನಗಳ ಏಳುಬೀಳಿನಲ್ಲಿ ಆಸಕ್ತಿಯಿರುವವರಿಗೆ ಆ ಹಣ ಖಂಡಿತ ದಂಡವಲ್ಲ.

ಇಲ್ಲಿನ ಆಡಿಯೋ ಗೈಡ್‌ನಲ್ಲಿ ಮಾತನಾಡುವವರು ಸಂಬಳಕ್ಕೆ ಓದುವ ನಿರೂಪಕರಲ್ಲ. ಇಂದಿನ ವಾರಸುದಾರ ವಿಲಿಯಂ ಲೋಬ್ಕೊವಿಟ್ಸ್ ಮತ್ತು ಅವರ ಮನೆಯವರು. ಇದರಿಂದ ಭಾವಚಿತ್ರಗಳ ಸಾಲಿಗೆ ಬೇರೆಲ್ಲೂ ಸಿಗದ ಆಪ್ತತೆ ಬಂದಿದೆ. ಆದರೂ ವಂಶಸ್ಥರ ಬಾಯಿಂದ ಪೂರ್ವಜರ ಕಥೆ ಕೇಳುವಾಗ ಇರಬೇಕಾದ ಎಚ್ಚರವನ್ನು ಕೇಳುಗ ಇಟ್ಟುಕೊಂಡೇ ಇರಬೇಕು. ಬಿರುದುಗಳ ವಿಷಯದಲ್ಲಂತೂ ಸ್ವಲ್ಪ ಓದಿಕೊಂಡು ಹೋಗುವುದು ಒಳ್ಳೆಯದು. ಲೋಬ್ಕೊವಿಟ್ಸೆ ಎಂಬ ಹಳ್ಳಿಯಿಂದ ಹೆಸರು ಪಡೆದ ಈ ವಂಶಕ್ಕೆ ಪವಿತ್ರ ರೋಮನ್ ಸಾಮ್ರಾಜ್ಯದ ಪ್ರಿನ್ಸ್ ಪದವಿ ದಕ್ಕಿದ್ದು 1620ರ ದಶಕದಲ್ಲಿ, ಚಕ್ರವರ್ತಿಯ ಪಕ್ಷವನ್ನು ಬಿಡದ ಝ್ದೆನೆಕ್ ವೊಯ್ತೆಖ್‌ನ ಕಾಲದಲ್ಲಿ. 1646ರಲ್ಲಿ ಸೈಲೀಷಿಯದ ಸಾಗಾನ್ ಸೀಮೆಯನ್ನು ಕೊಂಡದ್ದರಿಂದ ಡ್ಯೂಕ್ ಪದವಿಯೂ ಕೈಗೆ ಬಂತು. 1786ರಲ್ಲಿ ಆ ಸೀಮೆಯನ್ನು ಮಾರಿದಾಗ ಡ್ಯೂಕ್ ಪದವಿ ಕೈಬಿಡಲಿಲ್ಲ. ಚಕ್ರವರ್ತಿ ಅದನ್ನು ಇವರದೇ ರೌಡ್ನಿಟ್ಸ್ ಜಹಗೀರಿಗೆ ಹೊಂದಿಸಿಕೊಟ್ಟ. ನೆಲ ಹೋದರೂ ಅಂತಸ್ತು ಉಳಿಸಿಕೊಳ್ಳುವ ಈ ಜಾಣತನ ನನಗೆ ಇಲ್ಲಿನ ಕತ್ತಿ ಕೋವಿಗಳಿಗಿಂತ ಸ್ವಾರಸ್ಯಕರವಾಗಿ ಕಂಡಿತು.

ಝ್ದೆನೆಕ್‌ನ ಹೆಂಡತಿ ಪೊಲಿಕ್ಸೆನಾಳ ಭಾವಚಿತ್ರದ ಮುಂದೆ ಕನ್ನಡಿಗರು ನಿಲ್ಲಲು ಒಂದು ಕಾರಣವಿದೆ. 1618ರಲ್ಲಿ ದಂಗೆಯೆದ್ದ ಪ್ರಾಟೆಸ್ಟೆಂಟರು ಕೋಟೆಯ ಕಿಟಕಿಯಿಂದ ಕೆಳಕ್ಕೆ ಎಸೆದ ಚಕ್ರವರ್ತಿಯ ಅಧಿಕಾರಿಗಳಿಗೆ ಆಸರೆ ಕೊಟ್ಟ ಈಕೆಯೇ, 1628ರಲ್ಲಿ ಸ್ಪೇನಿನಿಂದ ಬಂದ ಬಾಲಯೇಸುವಿನ ವಿಗ್ರಹವನ್ನು ಪ್ರಾಗ್‌ನ ಕಾರ್ಮೆಲ್ ಸಂನ್ಯಾಸಿಗಳಿಗೆ ದಾನ ಮಾಡಿದಳು. ಗುರುವಾರಗಳಂದು ಬೆಂಗಳೂರಿನ ವಿವೇಕನಗರದಲ್ಲಿ ಜನ ಕಿಕ್ಕಿರಿಯುವುದು ಅದೇ ಬಾಲಯೇಸುವಿನ ಭಕ್ತಿಯಿಂದ.

ಸಂಗೀತದ ಕೋಣೆಯಲ್ಲಿ ನಿಧಾನಿಸಬೇಕು. ಏಳನೆಯ ಪ್ರಿನ್ಸ್ ಯೋಸೆಫ್ ಫ್ರಾನ್ಸ್ ಮ್ಯಾಕ್ಸಿಮಿಲಿಯನ್, ಸಂಗೀತ ಸಂಯೋಜಕ ಬೇತೋವನ್‌ನ ಆಶ್ರಯದಾತ. ‘ಎರೋಯಿಕಾ’ ಸಿಂಫನಿ ಅರ್ಪಣೆಯಾದದ್ದು ಈತನಿಗೆ. ಬೇತೋವನ್ ವಿಯೆನ್ನಾ ಬಿಟ್ಟುಹೋಗದಿರಲೆಂದು 1809ರಲ್ಲಿ ಮೂವರು ಶ್ರೀಮಂತರು ಸೇರಿ ವರ್ಷಕ್ಕೆ 4000 ಫ್ಲೋರಿನ್ ಕೊಡಲು ಒಪ್ಪಿದರು. ಅದರಲ್ಲಿ ಈತನ ಪಾಲು 700. ಹಣದ ಮುಗ್ಗಟ್ಟಿನಿಂದ ಅದೂ ಕೆಲಕಾಲ ನಿಂತಿತು.

1918ರ ಡಿಸೆಂಬರ್‌ನಲ್ಲಿ ಹೊಸ ಚೆಕೊಸ್ಲೊವಾಕಿಯ ಗಣರಾಜ್ಯ ಶ್ರೀಮಂತರ ಬಿರುದುಗಳನ್ನೆಲ್ಲ ರದ್ದುಮಾಡಿತು. ವಿಲಿಯಂ ಅವರ ಅಜ್ಜ ಮ್ಯಾಕ್ಸ್ ಅದೇ ಗಣರಾಜ್ಯದ ಪರ ನಿಂತು, ಯುದ್ಧಕಾಲದಲ್ಲಿ ಲಂಡನ್ನಿನಲ್ಲಿ ಅದರ ರಾಯಭಾರಿಯಾದರು. ಆಸ್ತಿಯನ್ನು ಮೊದಲು ನಾಜಿಗಳು, 1948ರಲ್ಲಿ ಕಮ್ಯುನಿಸ್ಟರು ಕಿತ್ತುಕೊಂಡರು. ಅರಮನೆ ಮರಳಿ ಸಿಕ್ಕಿದ್ದು 2002ರಲ್ಲಿ, ಸಂಗ್ರಹಾಲಯವಾಗಿ ತೆರೆದದ್ದು 2007ರಲ್ಲಿ. ಈ ಭಾಗದಲ್ಲಿ ಮನೆಯವರ ದನಿಗೆ ಅದರದೇ ತೂಕವಿದೆ.

ಸಮಯ ಕಡಿಮೆಯಿದ್ದವರು ಪಿಂಗಾಣಿ ಪಾತ್ರೆಗಳನ್ನು ಬೇಗ ದಾಟಿ, ಬ್ರೂಗೆಲ್ 1565ರಲ್ಲಿ ಬರೆದ ಹುಲ್ಲು ಕೊಯ್ಲಿನ ಚಿತ್ರಕ್ಕೆ ಆ ಹೊತ್ತನ್ನು ಕೊಡಲಿ. ಕೆಳಗೆ ಎಡಮೂಲೆಯಲ್ಲಿ ಒಬ್ಬ ಕುಡುಗೋಲಿನ ಅಲಗನ್ನು ಬಡಿದು ಹದಮಾಡುತ್ತಿದ್ದಾನೆ; ಅವನತ್ತ ಕುಂಟೆಗೋಲು ಹೊತ್ತು ನಡೆದುಬರುವ ಮೂವರು ಹೆಂಗಸರಲ್ಲಿ ಒಬ್ಬಳು ನೇರವಾಗಿ ನೋಡುಗರನ್ನೇ ನೋಡುತ್ತಾಳೆ.