ಮಂಡಿಗೆ ‘ಎಕ್ಸೊಸೋಮ್’ ಹಾಕಿಸಿಕೊಳ್ಳುವ ಮುಂಚೆ ಬಾಟಲಿಯ ಲೇಬಲ್ ಓದಿ

ಮಂಡಿನೋವಿಗೆ, ಕೂದಲು ಉದುರುವುದಕ್ಕೆ, ಮುಖದ ಸುಕ್ಕಿಗೆ, ಎಲ್ಲಕ್ಕೂ ಒಂದೇ ಮದ್ದು ಅಂತ ಎಕ್ಸೊಸೋಮ್ (ಜೀವಕೋಶಗಳು ಹೊರಬಿಡುವ ಅತಿ ಚಿಕ್ಕ ಗುಳ್ಳೆಗಳು) ಮಾರುವ ಕ್ಲಿನಿಕ್‌ಗಳು ಜಾಸ್ತಿಯಾಗಿವೆ. ನಮ್ಮಕ್ಕ ಅಂಥ ಒಂದು ಕಡೆ ಮಂಡಿಗೆ ಇಂಜೆಕ್ಷನ್ ಹಾಕಿಸಿಕೊಂಡರು. ಬೆಳಗಾಗುವಷ್ಟರಲ್ಲಿ ಮಂಡಿ ಊದಿ ಕೆಂಪಾಗಿತ್ತು, ಮುಟ್ಟಿದರೆ ಸುಡುತ್ತಿತ್ತು, ಮೈ ನಡುಗುವ ಜ್ವರ ಬೇರೆ. ಕ್ಲಿನಿಕ್‌ಗೆ ಫೋನ್ ಮಾಡಿದರೆ, ‘ಒಳಗೆ ವಾಸಿಯಾಗ್ತಿದೆ, ಅದಕ್ಕೇ ಬಿಸಿ, ಐಸ್ ಇಡಿ’ ಅಂದರು.

ಕೊನೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೀಲಿನಿಂದ ತೆಗೆದ ನೀರು ಕೀವಿನ ಹಾಗೆ ಮಬ್ಬಾಗಿತ್ತು. ಲ್ಯಾಬ್‌ನ ಕಲ್ಚರ್ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯಿತು. ಆಪರೇಷನ್ ಮಾಡಿ ಕೀಲು ತೊಳೆದರು, ವಾರಗಟ್ಟಲೆ ಆ್ಯಂಟಿಬಯೋಟಿಕ್ ಕೊಟ್ಟರು. ಈಗ ಅಕ್ಕ ಮೆಟ್ಟಿಲು ಹತ್ತುವುದು ಮೊದಲಿಗಿಂತ ಕಷ್ಟ. ಸೋಂಕು ಬಾಟಲಿಯಿಂದ ಬಂತೋ ಸೂಜಿಯಿಂದ ಬಂತೋ ಅಂತ ಯಾರೂ ಸಾಬೀತು ಮಾಡಲಾರರು. ಕ್ಲಿನಿಕ್‌ನವರಿಗೆ ಅದೇ ಅನುಕೂಲ.

ಅವರು ಹೇಳಿದ್ದ ಮಾತು ನೋಡಿ: ‘ಇದರಲ್ಲಿ ಜೀವಕೋಶವೇ ಇಲ್ಲ, ಸೆಲ್ ಬಿಡುವ ಗುಳ್ಳೆ ಅಷ್ಟೇ. ನಿಮ್ಮ ರಕ್ತದಲ್ಲೂ ಇದೇ ಓಡಾಡೋದು. ಸೈಡ್ ಎಫೆಕ್ಟ್ ಎಲ್ಲಿಂದ ಬರುತ್ತೆ ಅಮ್ಮಾ?’

ಗುಳ್ಳೆಗಳ ಮಾತು ನಿಜ. ನಮ್ಮ ಸೆಲ್‌ಗಳು ತಮ್ಮ ಪೊರೆಯಿಂದಲೇ ಚಿಕ್ಕ ಚಿಕ್ಕ ಗುಳ್ಳೆಗಳನ್ನು ಉದುರಿಸುತ್ತಲೇ ಇರುತ್ತವೆ. ಅವೇ ಮೈಕ್ರೋವೆಸಿಕಲ್‌ಗಳು, ಸುಮಾರು 100ರಿಂದ 1000 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು). ಸೆಲ್‌ನ ಒಳಗೆ ತಯಾರಾಗಿ ಹೊರಬರುವ ಇನ್ನೂ ಚಿಕ್ಕವು ಎಕ್ಸೊಸೋಮ್, 30ರಿಂದ 150 ನ್ಯಾನೋಮೀಟರ್. ಪ್ರೋಟೀನು, ಕೊಬ್ಬು, ಆರ್‌ಎನ್‌ಎ ತುಂಬಿಕೊಂಡು ಒಂದು ಸೆಲ್‌ನಿಂದ ಇನ್ನೊಂದಕ್ಕೆ ಹೋಗುತ್ತವೆ.

ಆದರೆ ಮೈಯೊಳಗಿನದು ಅಂದ ಮಾತ್ರಕ್ಕೆ ಸಾಧು ಅಂತ ಅಲ್ಲ. 1967ರಲ್ಲಿ ಪೀಟರ್ ವೂಲ್ಫ್ ಅನ್ನುವ ಸಂಶೋಧಕರು ‘ಪ್ಲೇಟ್‌ಲೆಟ್ ಧೂಳು’ ಅಂತ ಕರೆದದ್ದು, ರಕ್ತದ ಪ್ಲೇಟ್‌ಲೆಟ್ ಕಣಗಳು ಉದುರಿಸುವ ಇಂಥ ಗುಳ್ಳೆಗಳನ್ನೇ. ಈ ಧೂಳು ರಕ್ತ ಹೆಪ್ಪುಗಟ್ಟಿಸುತ್ತದೆ. ಸ್ಕಾಟ್ ಸಿಂಡ್ರೋಮ್ ಅನ್ನುವ ಅಪರೂಪದ ಕಾಯಿಲೆಯಲ್ಲಿ ಇವು ಸರಿಯಾಗಿ ಹುಟ್ಟುವುದಿಲ್ಲ, ರಕ್ತ ಸೋರುವುದು ಬೇಗ ನಿಲ್ಲುವುದಿಲ್ಲ. ಇನ್ನೊಂದು ಕಡೆ, ಕೆಲವು ಕ್ಯಾನ್ಸರ್ ಗೆಡ್ಡೆಗಳು ಬಿಡುವ ಗುಳ್ಳೆಗಳ ಮೇಲೆ ಹೆಪ್ಪುಗಟ್ಟಿಸುವ ಟಿಶ್ಯೂ ಫ್ಯಾಕ್ಟರ್ ಅನ್ನುವ ಪ್ರೋಟೀನು ಇರುತ್ತದೆ, ಕಾಲಿನ ರಕ್ತನಾಳ ಕಟ್ಟಿಕೊಳ್ಳುವುದಕ್ಕೆ ಅದೂ ಒಂದು ಕಾರಣ. ಕ್ಲಿನಿಕ್‌ನವರು ಹೊಗಳುವ, ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಸೆಲ್ ಆಗಬಲ್ಲ ಮೂಲ ಸೆಲ್) ಬಿಡುವ ಗುಳ್ಳೆಗಳೂ ಅಷ್ಟೇ. ಪ್ರಯೋಗಗಳಲ್ಲಿ ಕೆಲವೊಮ್ಮೆ ಗೆಡ್ಡೆಯನ್ನು ತಡೆದಿವೆ, ಕೆಲವೊಮ್ಮೆ ಬೆಳೆಸಿವೆ. ಕ್ಯಾನ್ಸರ್ ಬಂದು ಹೋದವರನ್ನೂ ಇವರು ಆರಾಮಾಗಿ ಕೂರಿಸಿಕೊಳ್ಳುತ್ತಾರೆ ಅನ್ನುವುದೇ ನನಗೆ ಜಾಸ್ತಿ ಸಿಟ್ಟು ತರಿಸುವ ವಿಷಯ.

ಇನ್ನು ಆ ಬಾಟಲಿ. ಹೆಬ್ಬೆರಳಿನಷ್ಟು ಗಾತ್ರ, ಫ್ರೀಜರ್‌ನಿಂದ ತೆಗೆದದ್ದು. ಸಿಸ್ಟರ್ ಅದನ್ನು ಅಂಗೈಯಲ್ಲಿ ಹಿಡಿದು ಉಜ್ಜಿ ಕರಗಿಸಿದರಂತೆ. ಅಕ್ಕ ಹೆಮ್ಮೆಯಿಂದ ತೆಗೆದು ಕಳಿಸಿದ ಫೋಟೋ ನನ್ನ ಬಳಿ ಇದೆ. ದೊಡ್ಡಕ್ಷರದಲ್ಲಿ ‘ಇಷ್ಟು ಕೋಟಿ ಕಣಗಳು’ ಅಂತಿದೆ. ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ‘ಸಂಶೋಧನೆಗೆ ಮಾತ್ರ’. ಮನುಷ್ಯರ ಮೈಗೆ ಚುಚ್ಚುವ ಔಷಧದ ಮೇಲೆ ಈ ಮಾತು ಇರುವ ಹಾಗೇ ಇಲ್ಲ.

ಆ ಕೋಟಿ ಲೆಕ್ಕವನ್ನೂ ನಂಬಬೇಡಿ. ಕಣ ಎಣಿಸುವ ಸಾಮಾನ್ಯ ಯಂತ್ರ ದ್ರವದಲ್ಲಿ ಅಲುಗಾಡುವ ಚುಕ್ಕೆಗಳನ್ನು ಎಣಿಸುತ್ತದೆ, ಅಷ್ಟೇ. ಅದು ಗುಳ್ಳೆಯೋ, ಕೊಬ್ಬಿನ ಕಣವೋ, ಪ್ರೋಟೀನಿನ ಗಂಟೋ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಚೊಕ್ಕಟ ಮಾಡುವುದಂತೂ ಸುಲಭದ ಕೆಲಸವಲ್ಲ. ಕುದಿಸಿದರೆ ಗುಳ್ಳೆ ಹಾಳು. ಬ್ಯಾಕ್ಟೀರಿಯಾ ತಡೆಯುವ ಸಾಮಾನ್ಯ ಫಿಲ್ಟರ್‌ನ ರಂಧ್ರ 220 ನ್ಯಾನೋಮೀಟರ್, ಅದರಲ್ಲಿ ಸೋಸಿದರೆ ದೊಡ್ಡ ಗುಳ್ಳೆಗಳೂ ಅಲ್ಲೇ ಸಿಕ್ಕಿಬೀಳುತ್ತವೆ. ಎಷ್ಟೋ ವೈರಸ್‌ಗಳು ಎಕ್ಸೊಸೋಮ್‌ನಷ್ಟೇ ಗಾತ್ರದವು, ಅವು ಆರಾಮಾಗಿ ದಾಟಿಬಿಡುತ್ತವೆ. ಹಾಗಾಗಿ ಸೆಲ್ ದಾನ ಮಾಡಿದವರ ತಪಾಸಣೆಯಿಂದ ಹಿಡಿದು ಬಾಟಲಿ ಮುಚ್ಚುವ ತನಕ ಪ್ರತಿ ಹೆಜ್ಜೆಯೂ ಶುದ್ಧವಾಗಿರಬೇಕು. ಬ್ಯಾಚಿನಲ್ಲಿ ರೋಗಾಣು ಇಲ್ಲ ಅಂತ ತೋರಿಸುವ ಸ್ಟೆರಿಲಿಟಿ ರಿಪೋರ್ಟ್ ಕೇಳಿದಾಗ ಆ ಕ್ಲಿನಿಕ್‌ನವರು ನಮಗೆ ಬಣ್ಣದ ಬ್ರೋಷರ್ ಕೊಟ್ಟರು!

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ಅಮೆರಿಕದ ನೆಬ್ರಾಸ್ಕಾದಲ್ಲಿ ಇಂಥ ಉತ್ಪನ್ನ ಹಾಕಿಸಿಕೊಂಡ ಹಲವರಿಗೆ ಗಂಭೀರ ತೊಂದರೆಯಾದ ಮೇಲೆ, 2019ರ ಡಿಸೆಂಬರ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು. ಅನುಮತಿ ಪಡೆದ ಎಕ್ಸೊಸೋಮ್ ಔಷಧ ಒಂದೂ ಇಲ್ಲ ಅಂತ ಅದರಲ್ಲೇ ಹೇಳಿತ್ತು. ನಿಜವಾದ ಟ್ರಯಲ್‌ಗಳೂ ನಡೆಯುತ್ತವೆ. ಅಲ್ಲಿ ನೋಂದಣಿ ಸಂಖ್ಯೆ ಇರುತ್ತದೆ, ಎಥಿಕ್ಸ್ ಕಮಿಟಿಯ ಒಪ್ಪಿಗೆ ಇರುತ್ತದೆ. ‘ಈ ವಾರ ಬಂದರೆ ಡಿಸ್ಕೌಂಟ್’ ಅಂತ ಯಾರೂ ಕರೆಯುವುದಿಲ್ಲ.

ಈಗಾಗಲೇ ಹಾಕಿಸಿಕೊಂಡಿದ್ದು, ಕೀಲು ಊದಿ ಜ್ವರ ಬಂದಿದ್ದರೆ ಐಸ್ ಇಟ್ಟುಕೊಂಡು ಕಾಯಬೇಡಿ. ಕೀಲಿನೊಳಗೆ ಸೋಂಕಾದರೆ ಮೃದ್ವಸ್ಥಿ ಕೆಲವೇ ದಿನಗಳಲ್ಲಿ ಹಾಳಾಗುತ್ತದೆ. ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ, ಏನು ಚುಚ್ಚಿದ್ದು ಅಂತ ಮುಚ್ಚಿಡದೆ ಹೇಳಿ. ಬಾಟಲಿಯ ಫೋಟೋ, ಬ್ಯಾಚ್ ನಂಬರ್ ಇದ್ದರೆ ಜೊತೆಗೇ ಒಯ್ಯಿರಿ. ಡಾಕ್ಟರಿಗೆ ಅದು ಬೇಕು, ಆಮೇಲೆ ದೂರು ಕೊಡುವುದಕ್ಕೂ ಬೇಕು.